ಯರಗಟ್ಟಿಯಿಂದ ನಮ್ಮ ಸಾಲಿಗೆ ಬರುವ ದಾರಿ

ಜೀನತ್ ಟೀಚರು ನಮ್ಮ ಹೈಸ್ಕೂಲಿಗೆ ಬರುವ ಮೊದಲು ಹತ್ತನೆಯ ತರಗತಿಯ ಮಕ್ಕಳಿಗೆಲ್ಲ ಊಟಿಯಲ್ಲಿ ಒಬ್ಬ ಮಾವನಿದ್ದ. ಎಲ್ಲರಿಗೂ ಸೇರಿ ಒಬ್ಬನೇ. ಬೇಸಿಗೆ ರಜೆ ಬಂತೆಂದರೆ ಅವನು ಎಲ್ಲರಿಗೂ ಪತ್ರ ಬರೆದು ಕರೆಸಿಕೊಳ್ಳುತ್ತಿದ್ದ, ಎಲ್ಲರೂ ರೈಲು ಹತ್ತಿ ಹೋಗುತ್ತಿದ್ದರು, ಎಲ್ಲರಿಗೂ ಅಲ್ಲಿ ಚಳಿಯಾಗಿ ಮಾವ ಸ್ವೆಟರು ಕೊಡಿಸುತ್ತಿದ್ದ. ಪರೀಕ್ಷೆಯ ಇಂಗ್ಲಿಷ್ ಪ್ರಶ್ನೆಪತ್ರಿಕೆಯಲ್ಲಿ ‘ನೀವು ನೋಡಿದ ಒಂದು ಸ್ಥಳ’ ಎಂದು ಪ್ರಬಂಧ ಬಂದರೆ ಸಾಕು, ಮಾವ ಹಾಜರು. ಈ ಮಾವನನ್ನು ಮಕ್ಕಳಿಗೆ ಪರಿಚಯ ಮಾಡಿಕೊಟ್ಟವನು ನಾನೇ. ನಾನು ಕನ್ನಡ ಮಾಸ್ತರ, ಹೆಸರು ಮುಕುಂದ. ಇಂಗ್ಲಿಷ್ ಕಲಿಸುವವರು ಯಾರೂ ಇಲ್ಲದ್ದರಿಂದ ಅದೂ ನನ್ನ ಕೊರಳಿಗೆ ಬಿದ್ದಿತ್ತು. ಗೈಡಿನಲ್ಲಿದ್ದ ಪ್ರಬಂಧವನ್ನು ಹಲಗೆಯ ಮೇಲೆ ಬರೆದು, ಬಾಯಿಪಾಠ ಮಾಡಿಸಿ, ಎಷ್ಟೋ ಮಕ್ಕಳನ್ನು ಪಾಸು ಮಾಡಿಸಿದ್ದೇನೆ. ಅದರಲ್ಲಿ ತಪ್ಪೇನಿತ್ತು ಎಂದು ಇವತ್ತಿಗೂ ಕೇಳುತ್ತೇನೆ. ಊಟಿ ಒಳ್ಳೆಯ ಊರು.

ನಮ್ಮ ಹಳ್ಳಿಯ ಹೆಸರು ಮಾತ್ರ ಇಲ್ಲಿ ಹೇಳುವುದಿಲ್ಲ. ಹೇಳಿದರೆ ನಾಳೆ ಮನೆಯಿಂದ ಹೊರಬೀಳುವ ಹೊತ್ತಿಗೆ ನನ್ನ ಅಂಗಿಯ ಕಾಲರ್ ಹಿಡಿಯಲು ಜನ ನಿಂತಿರುತ್ತಾರೆ. ಯರಗಟ್ಟಿಯಿಂದ ಮುನವಳ್ಳಿ ಕಡೆಗೆ ಬರುವಾಗ ರಸ್ತೆ ಬಿಟ್ಟು ಸ್ವಲ್ಪ ಒಳಗಿದೆ ಎಂದಷ್ಟೇ ತಿಳಿದುಕೊಳ್ಳಿ.

ಜೀನತ್ ಟೀಚರು ಬಂದ ಮೊದಲ ದಿನವೇ ಹಳೆಯ ಪ್ರಬಂಧಗಳನ್ನು ತರಿಸಿ ಓದಿದರು. ಒಂದು ಓದಿದರು, ನಕ್ಕರು. ಎರಡನೆಯದು ಓದಿದರು, ಹುಬ್ಬು ಗಂಟಿಕ್ಕಿತು. ಹತ್ತಿರ ಕುಳಿತಿದ್ದ ಗಂಗಾ ಎಂಬ ಹುಡುಗಿಯನ್ನು ಎಬ್ಬಿಸಿ ಕೇಳಿದರು.

“ಊಟಿಯೊಳಗ ನಿಮ್ಮ ಮಾವ ಏನ್ ಕೆಲಸಾ ಮಾಡತಾನ ಗಂಗಾ?”

“ಗೊತ್ತಿಲ್ರಿ ಅಕ್ಕೋರ. ಗೈಡಿನ್ಯಾಗ ಬರದಿಲ್ರಿ.”

ಅವತ್ತು ಮಾವನ ತಿಥಿ ಆಯಿತು. ಇನ್ನು ಮುಂದೆ ನಿಮ್ಮ ಕಾಲು ಎಲ್ಲಿ ನಿಂತಿದೆಯೋ ಆ ಜಾಗದ ಬಗ್ಗೆ ಮಾತ್ರ ಬರೆಯಬೇಕು, ನಿಲ್ಲದ ಜಾಗದ ಬಗ್ಗೆ ಬರೆದರೆ ಸೊನ್ನೆ ಎಂದು ಟೀಚರು ಘೋಷಿಸಿದರು. ಊಟಿ ಹಾಗಿರಲಿ, ಬೆಳಗಾವಿಯನ್ನೂ ಸರಿಯಾಗಿ ನೋಡದ ಮಕ್ಕಳು ಮುಖ ಮುಖ ನೋಡಿಕೊಂಡರು.

ಈ ಹುಚ್ಚು ಅವರಿಗೆ ಎಲ್ಲಿಂದ ಅಂಟಿತು ಎಂಬುದನ್ನು ಹೇಳಬೇಕು. ಅವರು ರಾಮದುರ್ಗದವರು. ಅಪ್ಪ ಬಡೇಸಾಬ ಸರ್ಕಾರಿ ಬಸ್ಸಿನ ಡ್ರೈವರ್. ರಾಮದುರ್ಗದಿಂದ ಯರಗಟ್ಟಿಗೆ, ಯರಗಟ್ಟಿಯಿಂದ ಬೆಳಗಾವಿಗೆ ಹೋಗಿಬರುವ ಬಸ್ಸು. ತಾಯಿ ಅನ್ವರಬಿ ಮನೆಯಲ್ಲಿ ಹೊಲಿಗೆ ಮಾಡುತ್ತಿದ್ದರು. ಸಾಲಿಗೆ ಸೂಟಿ, ಅಂದರೆ ಶಾಲೆಗೆ ರಜೆ, ಬಿತ್ತೆಂದರೆ ಮಗಳು ಹೊಲಿಗೆ ಮಷೀನಿನ ಚಕ್ರ ತಿರುಗಿಸಿ ದಾರ ಹರಿಯುತ್ತಿದ್ದಳು. ಆ ಕಾಟ ತಾಳಲಾರದೆ ಅನ್ವರಬಿ ಮಗಳನ್ನು ಗಂಡನ ಜೊತೆ ಬಸ್ಸಿಗೆ ಅಟ್ಟುತ್ತಿದ್ದರು. ಇಂಜಿನ್ನಿನ ಪಕ್ಕ ಕುಳಿತ ಹುಡುಗಿ ದಾರಿಯುದ್ದಕ್ಕೂ ಅಂಗಡಿಗಳ ಫಲಕ ಓದುತ್ತ ಅಕ್ಷರ ಕಲಿತಳು. ಮುಂದೆ ಹೋಗುತ್ತಿದ್ದ ಲಾರಿಯ ಹಿಂದೆ ಬರೆದದ್ದೇ ಅವಳು ಓದಿದ ಮೊದಲ ಇಂಗ್ಲಿಷು. ‘ಹಾರ್ನ್ ಓಕೆ ಪ್ಲೀಸ್’ ಅಂದರೆ ಏನು ಎಂದು ಅಪ್ಪನನ್ನು ಕೇಳಿದಳು. ಬಡೇಸಾಬ ಒಂದು ಕ್ಷಣವೂ ತಡಮಾಡದೆ, “ಹಾರ್ನ್ ಹೊಡೀಬ್ಯಾಡಪಾ, ನನಗ ಮೊದ್ಲ ತಲಿ ನೋಯಾಕತ್ತೈತಿ ಅಂತ ಬರದಾನವ್ವ,” ಎಂದು ಅರ್ಥ ಹೇಳಿದರು. ಬಹಳ ವರ್ಷ ಆಕೆ ಅದನ್ನೇ ನಂಬಿದ್ದರಂತೆ. ಹೀಗಾಗಿ ಇಂಗ್ಲಿಷ್ ಎನ್ನುವುದು ರಸ್ತೆಯ ಮೇಲೆ ಸಿಗುವ ವಸ್ತು ಎಂಬ ಭಾವನೆ ಅವರ ತಲೆಯಲ್ಲಿ ಕುಳಿತುಬಿಟ್ಟಿದೆ. ಧಾರವಾಡದಲ್ಲಿ ಬಿ.ಎಡ್. ಮಾಡಿದರೂ ಅದು ಹೋಗಲಿಲ್ಲ.

ಮದುವೆಯಾದದ್ದು ಸವದತ್ತಿಗೆ. ಗಂಡ ಜುನೇದ್ ಪಂಪ್‌ಸೆಟ್ಟಿನ ಸುಟ್ಟ ಮೋಟರಿಗೆ ಹೊಸ ತಂತಿ ಸುತ್ತುವವನು, ಸಾಧು ಮನುಷ್ಯ. ಹೆಣ್ಣು ನೋಡಲು ಬಂದಾಗ ಅವನ ಕಡೆಯ ಹಿರಿಯಳೊಬ್ಬಳು “ರೊಟ್ಟಿ ಬಡಿಯಾಕ ಬರತೈತೇನವಾ?” ಎಂದಳಂತೆ. “ನನಗ ಬರತೈತ್ರಿ. ಇವರಿಗೆ?” ಎಂದು ಈಕೆ ಹುಡುಗನ ಕಡೆ ನೋಡಿದರಂತೆ. ಜುನೇದ್ ಗಾಬರಿಯಲ್ಲಿ “ಕಲೀತೇನ್ರಿ” ಎಂದುಬಿಟ್ಟ. ಈಗ ಟೀಚರು ಮುಂಜಾನೆ ಬಸ್ಸಿಗೆ ಹೊರಡುವಾಗ ಡಬ್ಬಿ ಕಟ್ಟಿಕೊಡುವವನು ಅವನೇ. ಅವನ ರೊಟ್ಟಿಯನ್ನು ಸ್ಟಾಫ್ ರೂಮಿನಲ್ಲಿ ನಾವೆಲ್ಲ ತಿಂದಿದ್ದೇವೆ. ಅಂಚು ದಪ್ಪ, ಆದರೆ ದೂರುವಂಥದ್ದೇನಿಲ್ಲ.

ಟೀಚರು ನಮ್ಮಲ್ಲಿ ಅತಿಥಿ ಶಿಕ್ಷಕಿ. ಹೆಸರಿಗೆ ಅತಿಥಿ, ಕೆಲಸ ಮನೆಯ ಹಿರಿಸೊಸೆಯದು. ಪ್ರತಿ ವರ್ಷ ಶಾಲೆಯ ಸಮಿತಿಯವರು ‘ಇವರೇ ಮುಂದುವರಿಯಲಿ’ ಎಂದರೆ ಉಂಟು, ಇಲ್ಲದಿದ್ದರೆ ಇಲ್ಲ.

ಅವರು ಮಕ್ಕಳನ್ನು ಕರೆದುಕೊಂಡು ತಿರುಗಲು ಶುರು ಮಾಡಿದರು. ಒಂದು ವಾರ ಕೆನಾಲಿನ ದಂಡೆ, ಇನ್ನೊಂದು ವಾರ ಯರಗಟ್ಟಿಯ ಸಂತೆ. ನೋಡಿದ್ದನ್ನು ಅಲ್ಲಿಯೇ ಕುಳಿತು ಸಣ್ಣ ಸಣ್ಣ ಇಂಗ್ಲಿಷ್ ವಾಕ್ಯಗಳಲ್ಲಿ ಬರೆಯಬೇಕು. ಒಮ್ಮೆ ಕಿತ್ತೂರಿಗೂ ಹೋದೆವು. ಕೋಟೆಯ ಮುಂದೆ ನಿಂತು ನಾನು ಇತಿಹಾಸ ಹೇಳಿ ಗಂಟಲು ಹರಿದುಕೊಂಡೆ. ಮುತ್ತಪ್ಪ ಎಂಬ ಹುಡುಗ ಬರೆದದ್ದು ಇಷ್ಟು: ‘ಕಿತ್ತೂರು ದೊಡ್ಡದು. ನನ್ನ ಒಂದು ಚಪ್ಪಲಿ ಅಲ್ಲಿ ಉಳಿಯಿತು. ಅದು ಹೊಸದು. ಮುಕುಂದ ಸರ್ ಬಹಳ ಹೊತ್ತು ಮಾತಾಡಿದರು.’ ನನಗೆ ಮೈಯೆಲ್ಲ ಉರಿಯಿತು. ಇದರಲ್ಲಿ ಇತಿಹಾಸ ಎಲ್ಲಿದೆ ಎಂದು ಕೇಳಿದೆ.

“ಇತಿಹಾಸ ಗೈಡಿನ್ಯಾಗ ಐತಲ್ರಿ ಸರ,” ಎಂದರು ಟೀಚರು. “ಮುತ್ತಪ್ಪನ ಚಪ್ಪಲಿ ಅದರಾಗಿಲ್ಲ. ಮತ್ತ, ನೀವು ಮಾತಾಡಿದ್ದು ಖರೇನ ಭಾಳ ಹೊತ್ತು ಆಗಿತ್ರಿ.”

ಇಷ್ಟಕ್ಕೇ ಬಿಟ್ಟಿದ್ದರೆ ಏನೂ ಆಗುತ್ತಿರಲಿಲ್ಲ. ಒಂದು ದಿನ ಪರಪ್ಪನ ಗಿರಣಿಗೆ ಹೋದರು. ಪರಪ್ಪ ನಮ್ಮೂರ ಹಿಟ್ಟಿನ ಗಿರಣಿಯ ಮಾಲಕ, ಶಾಲೆಯ ಸಮಿತಿಯ ಅಧ್ಯಕ್ಷ, ಮೇಲೆ ಹೇಳಿದ ಗಂಗಾಳ ಅಪ್ಪ. ಗಿರಣಿಯ ಸದ್ದಿನಲ್ಲಿ ಜೀವನ ಕಳೆದದ್ದರಿಂದ ಸಾವಿನ ಮನೆಯಲ್ಲೂ ಕೂಗಿಯೇ ಮಾತಾಡುವ ಮನುಷ್ಯ. ಮಕ್ಕಳು ಒಂದು ಮೂಲೆಯಲ್ಲಿ ಕುಳಿತು ಬರೆದರು, ಟೀಚರು ಆ ಹಾಳೆಗಳನ್ನು ಶಾಲೆಯ ಗೋಡೆಗೆ ಅಂಟಿಸಿದರು. ಅದರಲ್ಲಿ ಮುತ್ತಪ್ಪನದು ಹೀಗಿತ್ತು: ‘ಗಿರಣಿ ದೊಡ್ಡ ಸದ್ದು ಮಾಡುತ್ತದೆ. ಪರಪ್ಪ ಕಾಕಾ ಇನ್ನೂ ದೊಡ್ಡ ಸದ್ದು ಮಾಡುತ್ತಾನೆ. ಅವನು ಮೆಣಸಿನಕಾಯಿ ಬೀಸಿದ ಮೇಲೆ ನಮ್ಮ ಜೋಳ ಬೀಸುತ್ತಾನೆ. ಅವತ್ತು ನಮ್ಮ ಮನೆಯಲ್ಲಿ ಎಲ್ಲರೂ ಸೀನುತ್ತ ಊಟ ಮಾಡುತ್ತೇವೆ.’

ಪರಪ್ಪನಿಗೆ ಇಂಗ್ಲಿಷ್ ಬರುವುದಿಲ್ಲ. ಆದರೆ ಊರಲ್ಲಿ ಅರ್ಥ ಹೇಳುವವರಿಗೆ ಬರವಿಲ್ಲ. ಮರುದಿನ ಪ್ರಾರ್ಥನೆ ಇನ್ನೂ ಮುಗಿದಿರಲಿಲ್ಲ, ಮೈತುಂಬ ಹಿಟ್ಟು ಹಚ್ಚಿಕೊಂಡೇ ಹೆಡ್‌ಮಾಸ್ತರರ ಕೋಣೆಗೆ ನುಗ್ಗಿದ.

“ಸಾಲಿ ಹುಡುಗ್ರು ಗಿರಣ್ಯಾಗ ಬಂದು ಕುಂದ್ರೂದಿದ್ರ ಸಾಲಿ ಯಾಕ ಬೇಕ್ರಿ? ಕೀಲಿ ಹಾಕ್ರಿ! ನನ್ನ ಮಗಳಿಗೆ ಈ ವರ್ಸ ಪರೀಕ್ಷಾ ಐತಿ. ಇಂಗ್ಲಿಷಿನ್ಯಾಗ ಹೋದಳಂದ್ರ ಮುಂದ ಆಕಿ ಗತಿ ಏನ್ರಿ? ಮೊದ್ಲ ಊಟಿ ಮ್ಯಾಲ ಬರೀತಿದ್ರು, ಛಂದಂಗಿ ಪಾಸ್ ಆಗತಿದ್ರು. ಆ ಊಟಿ ಏನ್ ಪಾಪ ಮಾಡಿತ್ರಿ?”

ಈ ಮಾತಿಗೆ ನಾನು ಒಳಗೊಳಗೇ ತಲೆದೂಗಿದೆ. ಪರಪ್ಪ ಬೈಲಹೊಂಗಲದಲ್ಲಿ ಗೈಡಿನಿಂದಲೇ ಕಲಿಸುವ ಟ್ಯೂಶನ್ ಮಾಸ್ತರನೊಬ್ಬನನ್ನು ಆಗಲೇ ನೋಡಿಟ್ಟಿದ್ದನಂತೆ, ಬರುವ ವರ್ಷ ಈ ಅಕ್ಕೋರು ಬೇಡ ಎಂದು ಖಡಾಖಡಿ ಹೇಳಿದ. ಹೆಡ್‌ಮಾಸ್ತರ ವೆಂಕಣ್ಣನವರು ಪುರೋಹಿತರ ಮನೆತನದವರು. ಯಾವ ಕೆಲಸಕ್ಕೂ ಮುಹೂರ್ತ ಮುಂದಕ್ಕೆ ಹಾಕುವುದು ರಕ್ತದಲ್ಲೇ ಬಂದಿದೆ. ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ, “ಪರಪ್ಪ, ಬೆಳಗಾವಿಯಿಂದ ಇಂಗ್ಲಿಷ್ ವಿಷಯದ ಅಧಿಕಾರಿ ಬರೋರಿದ್ದಾರ. ಅವರು ನೋಡಿ ಏನಂತಾರ ಕೇಳೋಣಂತ. ಆಮ್ಯಾಲ ನೀವು ಹೇಳಿದಾಂಗ ಆಗಲಿ,” ಎಂದರು.

ಅಲ್ಲಿಗೆ ಟೀಚರ ಅನ್ನ ಆ ಅಧಿಕಾರಿಯ ಒಂದು ಮಾತಿಗೆ ಬಂದು ನಿಂತಿತು. ಟೀಚರು ಹೋಗಿ, ಆ ಟ್ಯೂಶನ್ ಮಾಸ್ತರನೂ ಬರದಿದ್ದರೆ ಇಂಗ್ಲಿಷು ಮತ್ತೆ ನನ್ನ ಕೊರಳಿಗೆ ಬೀಳಬಹುದು ಎಂಬ ಹೆದರಿಕೆ ನನಗಿತ್ತು. ಅದಕ್ಕಿಂತ ಹೆಚ್ಚಾಗಿ, ಆಕೆ ಹೋಗುವುದು ನನಗೆ ಬೇಡವಾಗಿತ್ತು. ಜಗಳಾಡಲು ಅಷ್ಟು ಒಳ್ಳೆಯ ಮನುಷ್ಯರು ಸಿಗುವುದು ಕಷ್ಟ.

ಆದರೆ ಟೀಚರು ಏನೂ ಆಗಿಲ್ಲ ಎಂಬಂತೆ ಮುಂದಿನ ಪಾಠಕ್ಕೆ ಹೋದರು. ಪುಸ್ತಕದಲ್ಲಿ ದಾರಿ ಹೇಳುವ ಪಾಠ ಒಂದಿದೆ. ಗೋ ಸ್ಟ್ರೇಟ್, ಟರ್ನ್ ಲೆಫ್ಟ್, ಎರಡನೆಯ ತಿರುವಿನಲ್ಲಿ ರೈಟ್, ಎದುರಿಗೆ ಪೋಸ್ಟ್ ಆಫೀಸು. ಈ ಪ್ರಕಾರ ಯರಗಟ್ಟಿ ಬಸ್ ಸ್ಟ್ಯಾಂಡಿನಿಂದ ನಮ್ಮ ಶಾಲೆಗೆ ಬರುವ ದಾರಿಯನ್ನು ಬರೆಯಿರಿ ಎಂದರು. ಮಕ್ಕಳು ಪೆನ್ನು ಕಚ್ಚುತ್ತ ಕುಳಿತರು. ನಮ್ಮ ಕಡೆ ಎಡ ಬಲ ಎಂದು ಹೇಳುವುದು ಎತ್ತಿನ ಜೋಡಿಗೆ. ದಾರಿ ಕೇಳಿದವರಿಗೆ ಯಾರೂ ಹಾಗೆ ಹೇಳುವುದಿಲ್ಲ, ಇಂಥವರನ್ನು ಕೇಳಿರಿ ಎನ್ನುತ್ತಾರೆ. ಕಡೆಗೆ ಗಂಗಾ ತನಗೆ ತಿಳಿದ ಹಾಗೆ ಬರೆದಳು. ಇಂಗ್ಲಿಷಿನಲ್ಲಿ ಬರೆದದ್ದನ್ನು ನಾನು ಕನ್ನಡದಲ್ಲಿ ಕೊಡುತ್ತಿದ್ದೇನೆ:

‘ಯರಗಟ್ಟಿಯಲ್ಲಿ ಇಳಿಯಿರಿ. ನಾಸಿರನ ಆಟೋ ಕೇಳಿರಿ. ನಾಸಿರ ಇಲ್ಲದಿದ್ದರೆ ಕೃಷ್ಣವ್ವನ ಖಾನಾವಳಿಗೆ ಹೋಗಿರಿ. ನಾಸಿರ ಎಲ್ಲಿದ್ದಾನೆ ಎಂದು ಅವಳಿಗೆ ಗೊತ್ತಿರುತ್ತದೆ. ಹುಣಸಿಮರದ ಹತ್ತಿರ ಇಳಿಯಿರಿ. ಮರ ಕಡಿದಿದ್ದಾರೆ, ಆದರೂ ಅಲ್ಲಿಯೇ ಇಳಿಯಿರಿ. ಅಲ್ಲಿ ಕಟ್ಟೆಯ ಮೇಲೆ ಅಮೋಘಸಿದ್ದಪ್ಪ ಅಜ್ಜ ಕುಳಿತಿರುತ್ತಾನೆ. ನೀವು ಯಾರು ಎಂದು ಅವನಿಗೆ ಹೇಳಿರಿ. ಹೇಳದಿದ್ದರೆ ಅವನು ದಾರಿ ತೋರಿಸುವುದಿಲ್ಲ. ಆಮೇಲೆ ಸಾಲಿ ಬರುತ್ತದೆ.’

ಟೀಚರು ಇದಕ್ಕೆ ಪೂರ್ತಿ ಅಂಕ ಕೊಟ್ಟರು. ನಾನು ಸುಮ್ಮನಿರಲಾರದೆ, ಇದರಲ್ಲಿ ಲೆಫ್ಟ್ ಎಲ್ಲಿ, ರೈಟ್ ಎಲ್ಲಿ ಎಂದು ವಾದಕ್ಕೆ ನಿಂತೆ.

“ನಿಮ್ಮ ಮನಿಗೆ ಹ್ಯಾಂಗ ಬರಬೇಕು, ಹೇಳ್ರಿ ಸರ,” ಎಂದರು ಟೀಚರು.

“ಅದರಾಗೇನದ? ಹನಮಪ್ಪನ ಗುಡಿ ಹಂತ್ಯಾಕ ಬಂದು ನನ್ನ ಹೆಸರು ಹೇಳ್ರಿ, ಯಾರರ ಕರಕೊಂಡು ಬರತಾರ,” ಎಂದೆ. ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡೆ. ಮಕ್ಕಳು ಬೆಂಚು ಗುದ್ದಿ ನಕ್ಕರು.

ಅಧಿಕಾರಿ ಬರುವ ದಿನ ಬಂತು. ಹೆಸರು ಸುಚೇತಾ ಮೇಡಮ್, ಮೈಸೂರು ಕಡೆಯವರು, ಬೆಳಗಾವಿಗೆ ವರ್ಗವಾಗಿ ಬಂದು ಬಹಳ ದಿನವಾಗಿರಲಿಲ್ಲ. ಪ್ರಾರ್ಥನೆಗೆ ಮೊದಲೇ ಹೆಡ್‌ಮಾಸ್ತರರ ಫೋನು ಹೊಡೆದುಕೊಂಡಿತು. ಕಚೇರಿಯ ಜೀಪು ಸಿಗಲಿಲ್ಲ, ಬಸ್ಸಿನಲ್ಲೇ ಯರಗಟ್ಟಿಗೆ ಬಂದು ಇಳಿಯುತ್ತೇನೆ, ಶಾಲೆಯ ಲೊಕೇಶನ್ ಕಳಿಸಿ ಎಂದರು ಮೇಡಮ್. ವೆಂಕಣ್ಣನವರ ಮುಖ ಬಿಳಿಚಿತು. ಫೋನಿನ ನಕ್ಷೆಯಲ್ಲಿ ನಮ್ಮ ಶಾಲೆ ಯಾರದೋ ಕಬ್ಬಿನ ಹೊಲದ ನಟ್ಟನಡುವೆ ಇದೆ. ಹಿಂದೆ ಅದನ್ನು ನಂಬಿ ಬಂದ ಅಧಿಕಾರಿಯೊಬ್ಬರನ್ನು ಕಬ್ಬು ಕಡಿಯುವವರು ಹೊಲದೊಳಗಿಂದ ಹುಡುಕಿ ಕರೆತಂದಿದ್ದರು.

“ನಾ ಕಳಸತೇನ್ರಿ ಸರ,” ಎಂದು ಟೀಚರು ಗೋಡೆಯ ಮೇಲಿದ್ದ ಗಂಗಾಳ ಹಾಳೆಯ ಫೋಟೋ ತೆಗೆದು ಮೇಡಮ್ಮಿಗೆ ಕಳಿಸಿಯೇಬಿಟ್ಟರು. ವೆಂಕಣ್ಣನವರು ಬೇಡ ಎನ್ನಲು ಬಾಯಿ ತೆರೆಯುವಷ್ಟರಲ್ಲಿ ಅದು ಹೋಗಿತ್ತು. ಸ್ವಲ್ಪ ಹೊತ್ತಿಗೆ ಮೇಡಮ್ ತಿರುಗಿ ಫೋನ್ ಮಾಡಿದರು. ದನಿಯಲ್ಲಿ ನಗುವಿತ್ತೋ ಸಿಟ್ಟಿತ್ತೋ ತಿಳಿಯಲಿಲ್ಲ.

“ಇದು ಮಕ್ಕಳು ಬರೆದಿದ್ದಾ? ಸರಿ. ನಾನು ಇದನ್ನೇ ಹಿಡ್ಕೊಂಡು ಬರ್ತೀನಿ. ಯಾರೂ ಕರ್ಕೊಂಡು ಹೋಗೋಕೆ ಬರಬೇಡಿ. ಎರಡನೇ ಪೀರಿಯಡ್ಡಿಗೆ ಬಂದು ತಲುಪಿದ್ರೆ ನಿಮ್ಮ ಪಾಠ ಪಾಸು.”

ಪರಪ್ಪ ಬಿಳಿ ಅಂಗಿ ಹಾಕಿಕೊಂಡು ಬಂದು ಹೆಡ್‌ಮಾಸ್ತರರ ಎದುರಿನ ಕುರ್ಚಿಯಲ್ಲಿ ಕುಳಿತ. ಎರಡನೆಯ ಪೀರಿಯಡ್ ಮುಗಿಯಿತು, ಮೇಡಮ್ ಇಲ್ಲ. ಮೂರನೆಯದೂ ಮುಗಿಯಿತು. ವೆಂಕಣ್ಣನವರು ಧೈರ್ಯ ಮಾಡಿ ಫೋನ್ ಹಚ್ಚಿದರು. ಮಾತಾಡಿ ಇಟ್ಟು ನಮ್ಮ ಕಡೆ ತಿರುಗಿದರು.

“ಖಾನಾವಳ್ಯಾಗ ಇದ್ದಾರ. ಊಟಾ ಮಾಡಲಿಕ್ಕತ್ತಾರಂತ.”

“ಇಷ್ಟ ಲಗೂನ?” ಎಂದೆ ನಾನು.

ಆದದ್ದು ಇಷ್ಟು. ನಾಸಿರ ಮುನವಳ್ಳಿಗೆ ಬಾಡಿಗೆ ಹೋಗಿದ್ದ. ಬರೆದ ಪ್ರಕಾರ ಮೇಡಮ್ ಕೃಷ್ಣವ್ವನ ಹತ್ತಿರ ಹೋಗಿ ಕೇಳಿದರು. ಪರ ಊರಿನ ಹೆಣ್ಣುಮಗಳು, ಒಬ್ಬಳೇ, ಕೈಯಲ್ಲಿ ಚೀಲ. ಕೃಷ್ಣವ್ವ ಬಿಟ್ಟಾಳೆಯೇ? “ಊಟಾ ಆತೇನ್ರಿ?” ಎಂದಳು. ಮೈಸೂರು ಕಡೆ ಈ ಮಾತಿಗೆ ‘ಆಯ್ತು’ ಎಂದು ಹೇಳಿ ಮುಂದೆ ಹೋಗಬಹುದಂತೆ. ನಮ್ಮಲ್ಲಿ ಹಾಗೆ ನಡೆಯುವುದಿಲ್ಲ. ಹೌದೆಂದರೆ ‘ಇನ್ನೊಮ್ಮೆ ಮಾಡ್ರಿ’ ಎಂದು ತಾಟು ಬರುತ್ತದೆ, ಇಲ್ಲವೆಂದರೆ ತಾಟು ಓಡಿಬರುತ್ತದೆ. ಬಿಸಿ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ, ಗಟ್ಟಿ ಮೊಸರು. ಸಾಕು ಎಂದಾಗಲೆಲ್ಲ ಒಂದು ರೊಟ್ಟಿ ಬೀಳುತ್ತಿತ್ತು.

ಬಿಸಿಯೂಟದ ಗಂಟೆ ಹೊಡೆಯಿತು. ಮತ್ತೆ ಫೋನ್.

“ನಾಸಿರ ಸಿಕ್ಕಾನಂತ,” ಎಂದರು ವೆಂಕಣ್ಣನವರು.

“ಹಂಗಾರ ಹೊಂಟಾರ?” ಎಂದೆ.

“ಇಲ್ಲಪಾ. ನಾಸಿರನ ಮನ್ಯಾಗ ಚಹಾ ಕುಡೀಲಿಕ್ಕತ್ತಾರ.”

ನಾಸಿರನ ಹಿರಿಮಗಳು ನಮ್ಮ ಶಾಲೆಯಲ್ಲೇ ಒಂಬತ್ತನೆಯ ತರಗತಿ. ಮಗಳ ಶಾಲೆಗೆ ಬಂದ ದೊಡ್ಡ ಮೇಡಮ್ಮನ್ನು ಮನೆಯ ಮುಂದಿನಿಂದ ಚಹಾ ಕೊಡದೆ ದಾಟಿಸಿಕೊಂಡು ಹೋದರೆ ಅವನ ಹೆಂಡತಿ ಶಬನಮ್ ರಾತ್ರಿ ಅವನಿಗೆ ಅನ್ನ ಹಾಕುತ್ತಿದ್ದಳೇ? ಚಹಾದ ಜೊತೆ ಚೂಡಾ ಬಂತು, ಚೂಡಾದ ಹಿಂದೆ ಉಂಡಿ ಬಂತು. ಅದಾದ ಮೇಲೆ ಮೇಡಮ್ ಫೋನ್ ಎತ್ತುವುದನ್ನೇ ಬಿಟ್ಟರು.

ಪರಪ್ಪನಿಗೆ ಹಬ್ಬ. ಗೋಡೆಯ ಹಾಳೆಯನ್ನು ಕಿತ್ತು ತಂದು ಹೆಡ್‌ಮಾಸ್ತರರ ಮೇಜಿನ ಮೇಲೆ ಇಟ್ಟ. “ಎಲ್ಲಿ ಐತ್ರಿ ಎರಡನೇ ಪೀರೇಡು? ಒಂದು ದಾರಿ ಹೇಳಾಕ ಬರಲಾರದ ಇಂಗ್ಲಿಷು ಯಾತಕ್ರೀ? ಯಾವ ಮೂಳ ಬರದಿದ್ದು ಇದು? ಕರೀರಿ ಇಲ್ಲೆ, ಕಿವಿ ಹಿಂಡತೇನಿ!”

ವೆಂಕಣ್ಣನವರು ಮೇಲೆ ಕರೆಂಟಿಲ್ಲದೆ ನಿಂತಿದ್ದ ಫ್ಯಾನನ್ನು ಹೊಸದಾಗಿ ಕಂಡವರಂತೆ ನೋಡತೊಡಗಿದರು. ಹಾಳೆಯ ಕೆಳಗೆ ಇಂಗ್ಲಿಷಿನಲ್ಲಿ ಗಂಗಾಳ ಹೆಸರಿತ್ತು.

ಟೀಚರು ಹೊರಗೆ ನಲ್ಲಿಯ ಹತ್ತಿರ ನಿಂತಿದ್ದರು. ಜುನೇದ್ ಕಟ್ಟಿಕೊಟ್ಟ ಡಬ್ಬಿಯನ್ನು ಅವತ್ತು ಬಿಚ್ಚಿರಲಿಲ್ಲ. ನಾನು ಹೋದದ್ದು ಹಂಗಿಸಲಿಕ್ಕೆ, ಆದರೆ ಆ ಮುಖ ನೋಡಿ ನಲ್ಲಿ ತಿರುಗಿಸಿ ಕೈ ತೊಳೆಯುತ್ತ ನಿಂತೆ.

“ತಪ್ಪು ಹುಡುಗೀದಲ್ರಿ ಮುಕುಂದ ಸರ, ನಂದು,” ಎಂದರು. “ಆಕಿ ಬರದಿದ್ದು ಎಲ್ಲಾ ಖರೇ ಐತಿ. ಆದ್ರ ಓದಾವರು ಹೊರಗಿನವರು, ಅವರಿಗೆ ನಮ್ಮ ಮಂದಿ ಗೊತ್ತಿಲ್ಲ ಅಂತ ನಾ ಹೇಳಿಕೊಡಲಿಲ್ಲ. ಕೃಷ್ಣವ್ವ ಊಟಕ್ಕ ಕುಂದರಸತಾಳ ಅನ್ನೂದು ನಮಗ ಗೊತ್ತೈತಿ, ಅದಕ್ಕ ಅದನ್ನ ಬರೀಬೇಕಂತ ಯಾರಿಗೂ ಹೊಳೀಲಿಲ್ಲ. ನನಗೂ ಹೊಳೀಲಿಲ್ಲ. ಇನ್ನೊಂದು ವರ್ಷ ಸಿಕ್ಕಿದ್ರ ಕಲಸತಿದ್ದೆ.”

ನನಗೆ ಬಹಳ ಕೆಡುಕೆನಿಸಿತು. ಏನಾದರೂ ಸಮಾಧಾನ ಹೇಳೋಣವೆಂದು ಬಾಯಿ ತೆರೆದರೆ, “ಊಟಿ ಏನು ಅಷ್ಟು ಕೆಟ್ಟ ಊರಲ್ರಿ,” ಎಂಬ ಮಾತು ಬಂತು. ನನ್ನ ಬಾಯಿಯೇ ಹಾಗೆ.

ಕೊನೆಯ ಪೀರಿಯಡ್ಡಿನಲ್ಲಿ ಗೇಟಿನ ಹೊರಗೆ ಗದ್ದಲವೆದ್ದಿತು. ಮೇಡಮ್ ಬಂದರು. ಮುಂದೆ ಕೋಲು ಊರಿಕೊಂಡು ಅಮೋಘಸಿದ್ದಪ್ಪ ಅಜ್ಜ, ಹಿಂದೆ ಅವನ ಸೊಸೆ, ಅವರ ಹಿಂದೆ ಅರ್ಧ ಓಣಿ. ಮೇಡಮ್ಮಿನ ಸೆರಗಿನ ತುಂಬ ಅಕ್ಕಿ, ತೆಂಗಿನಕಾಯಿ, ಬಾಳೆಹಣ್ಣು, ಕುಬಸ ಹೊಲಿಸಲು ಕಣದ ಬಟ್ಟೆ. ಮನೆಮಗಳಿಗೆ ಮಡಿಲು ತುಂಬುವ ಹಾಗೆ ಉಡಿ ತುಂಬಿ ಕಳಿಸಿದ್ದರು. ಎರಡೂ ಕೈಯಲ್ಲಿ ಸೆರಗು ಹಿಡಿದುಕೊಂಡಿದ್ದರಿಂದ ಅವರಿಗೆ ಹಣೆಯ ಬೆವರು ಒರೆಸಿಕೊಳ್ಳಲೂ ಆಗುತ್ತಿರಲಿಲ್ಲ.

ಯಾರ ಪೈಕಿ ಎಂದು ತಿಳಿಯದೆ ಅಜ್ಜ ಯಾರಿಗೂ ದಾರಿ ತೋರಿಸುವವನಲ್ಲ. ಮೈಸೂರಿನ ಕಡೆ ಅವನಿಗೆ ಒಂದು ನಂಟೂ ಸಿಗಲಿಲ್ಲ. ಆದರೂ ಕೈಚೆಲ್ಲದೆ ಕೇಳುತ್ತ ಕೇಳುತ್ತ ಹೋಗಿ, ಬೆಳಗಾವಿಯಲ್ಲಿ ಮೇಡಮ್ ಬಾಡಿಗೆಗೆ ಇರುವ ಮನೆಯ ಮಾಲಕ ಬೈಲಹೊಂಗಲದವನು ಎಂಬುದನ್ನು ಹೊರಗೆಳೆದ. ಅಜ್ಜನ ಸೊಸೆಯ ತವರೂ ಬೈಲಹೊಂಗಲವೇ. “ಹಂಗಾರ ನೀವು ನಮ್ಮವರ ಆದ್ರಿ, ಮನಿಗೆ ಬರ್ರಿ” ಎಂದು ಎಬ್ಬಿಸಿಕೊಂಡು ಹೋಗಿಬಿಟ್ಟಿದ್ದ.

ಮೇಡಮ್ ಕುರ್ಚಿಯಲ್ಲಿ ಕುಳಿತು ಉಡಿಯನ್ನು ಮೇಜಿನ ಮೇಲೆ ಇಳಿಸಿದರು. ತೆಂಗಿನಕಾಯಿಯೊಂದು ಉರುಳಿ ಹೋಗಿ ಪರಪ್ಪನ ಮುಂದೆ ನಿಂತಿತು. ಅವನು ಅದನ್ನು ಎತ್ತಿಕೊಡುತ್ತಲೇ ಶುರು ಮಾಡಿದ.

“ನೋಡಿದ್ರಲ್ರಿ ಮೇಡಮ್ಮಾರ? ಎರಡನೇ ಪೀರೇಡಿಗೆ ಬರೋರು—”

“ಗಂಗಾ ಅಂದ್ರೆ ಯಾರು?” ಎಂದರು ಮೇಡಮ್.

ಪರಪ್ಪ ತನಗೆ ಓದಲು ಬಾರದ ಆ ಹಾಳೆಯನ್ನು ತನ್ನ ಕಡೆ ತಿರುಗಿಸಿಕೊಂಡ. ಗಂಗಾಳನ್ನು ಕರೆಸಿದರು. ಅಪ್ಪನನ್ನು ನೋಡಿದ್ದೇ ಅವಳು ನೆಲ ನೋಡತೊಡಗಿದಳು.

“ನೀನು ಬರೆದಿದ್ದು ಓದಿಕೊಂಡು ಬಂದೆ ಕಣಮ್ಮ. ಒಂದೂ ಸುಳ್ಳಿಲ್ಲ, ಕಡಿದ ಮರವೂ ಅಲ್ಲೇ ಇತ್ತು. ಆದರೆ ನಾನು ಎರಡು ಊಟ ಮಾಡಿ ಮೂರು ಕಡೆ ಚಹಾ ಕುಡಿದಿದ್ದೀನಿ. ನನಗೆ ಈಗ ಉಸಿರಾಡೋಕೆ ಆಗ್ತಿಲ್ಲ. ನಾನು ಹೊರಗಿನವಳು. ನನ್ನಂಥವಳಿಗೆ ನಿಮ್ಮೂರಲ್ಲಿ ಏನೇನು ಗೊತ್ತಿರಬೇಕು, ಅದನ್ನೆಲ್ಲ ಹಾಕಿ ವಾಪಸ್ ಹೋಗೋ ದಾರಿ ಬರೆದುಕೊಡು. ಇಲ್ಲೇ ಕೂತು ಬರಿ. ಯಾರೂ ಹೇಳಿಕೊಡಬಾರದು.”

ಗಂಗಾ ಕುಳಿತಳು. ಟೀಚರು ಕಂಬಿ ಹಿಡಿದು ಕಿಟಕಿಯ ಕಡೆ ಮುಖ ಮಾಡಿ ನಿಂತಿದ್ದರು. ಊಟಿಯ ಮಾವನನ್ನೇ ನೆನೆದು ಬರೆದುಬಿಟ್ಟರೆ ಏನು ಗತಿ ಎಂದು ನನಗೆ ಎನಿಸಿತು. ಹುಡುಗಿ ಒಮ್ಮೆ ಅಪ್ಪನ ಕಡೆ ನೋಡಿದಳು, ಆಮೇಲೆ ತಲೆ ಎತ್ತದೆ ಬರೆದಳು.

ಮೇಡಮ್ ಓದಿದರು. ಓದುತ್ತ ಒಂದು ಕಡೆ ನಕ್ಕರು, ಇನ್ನೊಂದು ಕಡೆ ನಗು ನಿಂತಿತು. “ಇವರಿಗೆ ಇಂಗ್ಲಿಷ್ ಬರಲ್ಲ ಅಲ್ವಾ?” ಎಂದು ಪರಪ್ಪನ ಕಡೆ ತೋರಿಸಿ, ಕನ್ನಡದಲ್ಲಿ ಹೇಳುತ್ತ ಹೋದರು.

‘ನೀವು ಊಟ ಮಾಡಿದ ಮೇಲೆ ಹೊರಡಿರಿ. ಇಲ್ಲದಿದ್ದರೆ ನಿಮ್ಮನ್ನು ಊಟಕ್ಕೆ ಕೂರಿಸುತ್ತಾರೆ. ಕಟ್ಟೆಯ ಹತ್ತಿರ ಅಜ್ಜ ಮಾತಾಡಿಸಿದರೆ ನಡೆಯುತ್ತಲೇ ಉತ್ತರ ಹೇಳಿರಿ, ನಿಲ್ಲಬೇಡಿರಿ. ಹುಣಸಿಮರದ ಹತ್ತಿರ ನೆರಳಿಲ್ಲ. ಅದಕ್ಕೆ ಗಿರಣಿಯ ಮುಂದೆ ನಿಲ್ಲಿರಿ. ಅಲ್ಲಿ ನಮ್ಮ ಅಪ್ಪ ಇರುತ್ತಾನೆ. ಅವನು ಮೊದಲು ಸಿಟ್ಟಿನಿಂದ ಮಾತಾಡುತ್ತಾನೆ. ಹೆದರಬೇಡಿರಿ. ಹೆಣ್ಣುಮಕ್ಕಳು ಒಬ್ಬರೇ ಗಾಡಿಗೆ ಕಾಯುತ್ತಿದ್ದರೆ ಅವನು ಗಿರಣಿ ಬಂದ್ ಮಾಡಿ ಹೊರಗೆ ಬರುತ್ತಾನೆ. ಗಾಡಿ ಸಿಗುವತನಕ ನಿಮ್ಮ ಜೊತೆ ನಿಲ್ಲುತ್ತಾನೆ. ಇದನ್ನು ಅವನು ಯಾರಿಗೂ ಹೇಳುವುದಿಲ್ಲ. ನಾನು ನೋಡಿದ್ದೇನೆ.’

ಪರಪ್ಪ ಹೆಗಲ ಮೇಲಿನ ಟವೆಲ್ ತೆಗೆದು ಮುಖ ಒರೆಸಿಕೊಂಡ. ಒರೆಸಿಕೊಳ್ಳಲು ಅಂದು ಮುಖದ ಮೇಲೆ ಹಿಟ್ಟಿರಲಿಲ್ಲ. ನನ್ನ ಕಣ್ಣಲ್ಲೂ ನೀರು ಬಂತು, ಅದನ್ನು ಹೇಳಲು ನನಗೇನೂ ನಾಚಿಕೆಯಿಲ್ಲ.

“ಇಂಥ ಪಾಠ ನಡೀಲಿ ಅಂತ ನಾನು ವರದಿ ಬರೀತೀನಿ,” ಎಂದರು ಮೇಡಮ್. “ಆದರೆ ಟೀಚರನ್ನ ಇಟ್ಕೊಳ್ಳೋದು ಬಿಡೋದು ನನ್ನ ಕೈಲಿಲ್ಲ. ಅದು ನಿಮ್ಮ ಸಮಿತಿಗೆ ಬಿಟ್ಟಿದ್ದು.”

ಎಲ್ಲರೂ ಪರಪ್ಪನ ಕಡೆ ನೋಡಿದೆವು. ಅವನು ಯಾರ ಕಡೆಗೂ ನೋಡಲಿಲ್ಲ. ಎದ್ದು ಮೇಜಿನ ಮೇಲಿದ್ದ ಅಕ್ಕಿ, ಕಾಯಿ, ಹಣ್ಣು ಎಲ್ಲವನ್ನೂ ತನ್ನ ಟವೆಲಿನಲ್ಲಿ ಗಂಟು ಕಟ್ಟಿ ಹಿಡಿದುಕೊಂಡ. “ನಡೀರಿ ಮೇಡಮ್ಮಾರ. ಈಗ ಒಂದು ಗಾಡಿ ಬರತೈತಿ,” ಎಂದು ಮುಂದೆ ನಡೆದ. 

ಗಿರಣಿ ನಮ್ಮ ಗೇಟಿಗೆ ಕಾಣುವಷ್ಟೇ ದೂರ. ನಾವೆಲ್ಲ ಗೇಟಿನಲ್ಲಿ ನಿಂತು ನೋಡಿದೆವು. ಗಂಟು ಹಿಡಿದುಕೊಂಡು ಅವನು ರಸ್ತೆಯ ಬದಿ ಮೇಡಮ್ಮಿನ ಪಕ್ಕದಲ್ಲಿ ನಿಂತ. ಬರುವ ಗಾಡಿ ಬರಲಿಲ್ಲ, ಅವನೂ ಅಲ್ಲಿಂದ ಕದಲಲಿಲ್ಲ. ಹಿಟ್ಟು ಒಯ್ಯಲು ಬಂದ ಹೆಂಗಸರು ಬುಟ್ಟಿ ಇಟ್ಟುಕೊಂಡು ಸುಮ್ಮನೆ ಕಾದರು. ಕಡೆಗೊಂದು ಟೆಂಪೋ ಬಂತು. ಅದನ್ನು ಅಡ್ಡಗಟ್ಟಿ, ಡ್ರೈವರನ ಪಕ್ಕದಲ್ಲಿದ್ದವನನ್ನು ಹಿಂದಕ್ಕೆ ಕಳಿಸಿ, ಮೇಡಮ್ಮನ್ನು ಕೂರಿಸಿ, ಗಂಟನ್ನು ಅವರ ಕೈಗೆ ಕೊಟ್ಟು, ಯರಗಟ್ಟಿ ಬಸ್ ಸ್ಟ್ಯಾಂಡಿನೊಳಗೇ ಇಳಿಸಬೇಕೆಂದು ಡ್ರೈವರನಿಗೆ ಎರಡು ಸಲ ಬೈದು ಹೇಳಿದ.

ಟೆಂಪೋ ಹೋದ ಮೇಲೆ ಗಿರಣಿಯ ಬಾಗಿಲಿಗೆ ಹೋದವನು ತಿರುಗಿ ನಿಂತ. ಗೇಟಿನಲ್ಲಿದ್ದ ಟೀಚರ ಕಡೆ ನೋಡಿ, ಇಡೀ ಊರಿಗೆ ಕೇಳುವ ಹಾಗೆ ಕೂಗಿದ.

“ಅಕ್ಕೋರ! ಬರೂ ವರ್ಸದ ಹುಡುಗ್ರನ್ನ ಕರಕೊಂಡು ಬರೂದಿದ್ರ ಮುಂಜಾನೆ ಬರ್ರಿ. ಮಧ್ಯಾಹ್ನ ಕರೆಂಟ್ ಇರೂದಿಲ್ಲ!”